ಡಾ. ಹನೀಫ್ ಪ್ರಕರಣ: ಪರದೇಶದಲ್ಲಿ ನ್ಯಾಯದ ದಾರಿ

ಮನುಷ್ಯ ಅನ್ನ, ವಿದ್ಯೆ, ವ್ಯಾಪಾರಕ್ಕಾಗಿ ದೇಶಾಂತರ ಹೋಗುವುದು ಹೊಸದೇನಲ್ಲ. 14ನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೆ ಬಂದು ಹೋಗಿದ್ದಾನೆ. ಪರನಾಡಿನವನಿಗೆ 'ಅಮಾನ್' ಅಂದರೆ ಅಭಯ ಕೊಡುವ ಪದ್ಧತಿಯನ್ನು ಇಸ್ಲಾಮೀ ನ್ಯಾಯಶಾಸ್ತ್ರ ವಿಸ್ತಾರವಾಗಿ ಚರ್ಚಿಸಿದೆ. ಅಭಯ ಪಡೆದವನ ಜೀವ, ಸೊತ್ತು ಕಾಯುವುದು ಅಭಯ ಕೊಟ್ಟವರ ಹೊಣೆ. ಇಂದು ಆ ಜಾಗದಲ್ಲಿ ವೀಸಾ ಇದೆ. ಆದರೆ ವೀಸಾ ಕೊಟ್ಟ ಸರ್ಕಾರವೇ ಸಂಶಯಪಟ್ಟರೆ ಪ್ರಯಾಣಿಕನ ಗತಿಯೇನು? ಇದಕ್ಕೆ ಕರ್ನಾಟಕದ ಒಬ್ಬ ವೈದ್ಯರ ಪ್ರಕರಣವೇ ಉತ್ತರ ಹೇಳುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮಹಮ್ಮದ್ ಹನೀಫ್ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆ ಸೇರಿದರು. ಅವರದು 457 ಎಂಬ ತಾತ್ಕಾಲಿಕ ಉದ್ಯೋಗ ವೀಸಾ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಯಿತು. ದಾಳಿ ಮಾಡಿದ ಕಫೀಲ್ ಅಹಮದ್ ಮತ್ತು ಅವನ ಸಹೋದರ ಸಬೀಲ್, ಹನೀಫರ ದೂರದ ಸಂಬಂಧಿಗಳು. ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಸಿಮ್ ಕಾರ್ಡನ್ನು ಸಬೀಲನಿಗೆ ಕೊಟ್ಟಿದ್ದರು. ಅದರಲ್ಲಿ ಉಳಿದ ಮಾತಿನ ನಿಮಿಷಗಳು ವ್ಯರ್ಥವಾಗಬಾರದೆಂಬುದಷ್ಟೇ ಕಾರಣ.

ಜುಲೈ 2ರ ರಾತ್ರಿ, ಹೆಂಡತಿಯನ್ನೂ ಆಗತಾನೆ ಹುಟ್ಟಿದ ಮಗಳನ್ನೂ ನೋಡಲು ಬೆಂಗಳೂರಿಗೆ ಹೊರಟ 27 ವರ್ಷದ ಹನೀಫರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಬಂಧಿಸಿದರು. ಅಲ್ಲಿನ ಭಯೋತ್ಪಾದನಾ ತಡೆ ಕಾನೂನಿನಲ್ಲಿ ವಿಚಾರಣೆಯ ಗಂಟೆಗಳಿಗೆ ಮಿತಿ ಇತ್ತು. ಆದರೆ ನಡುವಿನ ಬಿಡುವಿನ ಕಾಲವನ್ನು ಆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೀಗಾಗಿ ಆರೋಪವಿಲ್ಲದೆಯೇ 12 ದಿನ ಸೆರೆ! ಜುಲೈ 14ರಂದು ಉಗ್ರ ಸಂಘಟನೆಗೆ ನೆರವಾದ ಆರೋಪ ಹೊರಿಸಲಾಯಿತು. ಸಿಮ್ ಕಾರ್ಡು ದಾಳಿಯ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಿದರು. ಅದು ತಪ್ಪು, ಸಿಮ್ ಲಿವರ್‌ಪೂಲ್‌ನಲ್ಲಿ ಸಬೀಲನ ಬಳಿ ಸಿಕ್ಕಿತ್ತು.

ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಕಿ ಪೇಯ್ನ್ 10,000 ಡಾಲರ್ ಜಾಮೀನಿನ ಮೇಲೆ ಬಿಡುಗಡೆಗೆ ಆದೇಶಿಸಿದರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ 'ನಡತೆ'ಯ ಕಾರಣ ಕೊಟ್ಟು ವೀಸಾ ರದ್ದುಮಾಡಿದರು. ಜಾಮೀನು ಸಿಕ್ಕರೂ ಹೊರಬಂದರೆ ವಲಸೆ ಬಂಧನ. ನ್ಯಾಯಾಲಯ ತೆರೆದ ಬಾಗಿಲನ್ನು ಸಚಿವಾಲಯ ಮುಚ್ಚಿತು. ವೀಸಾದ ಮೇಲೆ ಬದುಕುವವನ ನೆಲೆ ಎಷ್ಟು ತೆಳುವಾದದ್ದೆಂದು ಇಲ್ಲಿ ತಿಳಿಯುತ್ತದೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ವಕೀಲರಾದ ಪೀಟರ್ ರುಸ್ಸೊ ಮತ್ತು ಸ್ಟೀಫನ್ ಕೀಮ್ ಪಟ್ಟು ಬಿಡಲಿಲ್ಲ. ಪೊಲೀಸ್ ವಿಚಾರಣೆಯ ಲಿಖಿತ ಪ್ರತಿಯನ್ನು ಕೀಮ್ ಪತ್ರಿಕೆಗೆ ಕೊಟ್ಟಾಗ ಹನೀಫರ ಉತ್ತರಗಳನ್ನು ಜನರೇ ಓದಿದರು. ಬಂಧನಕ್ಕೆ ಮೊದಲು ಹನೀಫ್ ತಾವಾಗಿಯೇ ಬ್ರಿಟಿಷ್ ಪೊಲೀಸ್ ಅಧಿಕಾರಿಗೆ ಫೋನ್ ಮಾಡಲು ಯತ್ನಿಸಿದ್ದರು. ಜುಲೈ 27ರಂದು ಆರೋಪ ಹಿಂತೆಗೆಯಲಾಯಿತು. ಜುಲೈ 29ರಂದು ಅವರು ಬೆಂಗಳೂರು ತಲುಪಿದರು. ಆಗಸ್ಟ್ 21ರಂದು ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಸ್ಪೆಂಡರ್ ವೀಸಾ ರದ್ದತಿಯನ್ನು ತಳ್ಳಿಹಾಕಿದರು. ಬಂಧುತ್ವವಷ್ಟೇ ಅಪರಾಧಿಗಳೊಂದಿಗಿನ 'ಒಡನಾಟ' ಆಗದೆಂಬುದು ಆ ತೀರ್ಪಿನ ಸಾರ. ಡಿಸೆಂಬರ್ 21ರಂದು ಪೂರ್ಣ ಪೀಠವೂ ಅದನ್ನು ಎತ್ತಿಹಿಡಿಯಿತು. 2008ರ ಕ್ಲಾರ್ಕ್ ವಿಚಾರಣಾ ವರದಿ ಹನೀಫರ ವಿರುದ್ಧ ಸಾಕ್ಷ್ಯವಿರಲಿಲ್ಲವೆಂದಿತು. 2010ರಲ್ಲಿ ಅವರಿಗೆ ಪರಿಹಾರ ದೊರೆಯಿತು. ಅದೇ ವರ್ಷ ಕಾನೂನು ತಿದ್ದಿ, ಲೆಕ್ಕಕ್ಕೆ ಹಿಡಿಯದ ಆ ಕಾಲಕ್ಕೆ 7 ದಿನಗಳ ಮಿತಿ ಹಾಕಲಾಯಿತು.

ಪ್ರಿಯ ವಿದ್ಯಾರ್ಥಿಗಳೇ, ಈ ಇತಿಹಾಸದಿಂದ ಎರಡು ಪಾಠ ಕಲಿಯೋಣ. ಮೊದಲನೆಯದು ಹಕ್ಕಿನ ಪಾಠ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಪರದೇಶದಲ್ಲಿ ಬಂಧನಕ್ಕೊಳಗಾದವನು ತನ್ನ ದೇಶದ ದೂತಾವಾಸಕ್ಕೆ ತಿಳಿಸಿರೆಂದು ಕೇಳಬಹುದು. ನಮ್ಮ ಸಂವಿಧಾನದ 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು 'ಪ್ರಜೆ'ಗಲ್ಲ, 'ವ್ಯಕ್ತಿ'ಗೆ ಕೊಟ್ಟಿದೆ. ಆದ್ದರಿಂದ ಇಲ್ಲಿಗೆ ಬಂದ ಪರದೇಶಿಗೂ ಅದು ಸಲ್ಲುತ್ತದೆ. ನಮ್ಮವರಿಗೆ ಅಲ್ಲಿ ಬಯಸುವ ನ್ಯಾಯವನ್ನು ಇಲ್ಲಿಗೆ ಬಂದವರಿಗೂ ಬಯಸುವುದೇ ಇನ್ಸಾಫ್. ಎರಡನೆಯದು ಎಚ್ಚರದ ಪಾಠ. ನಮ್ಮ ಹುಬ್ಬಳ್ಳಿ-ಧಾರವಾಡದಿಂದ ಗಲ್ಫ್‌ಗೋ ಬೇರೆಡೆಗೋ ದುಡಿಯಲು ಹೋಗುವವರು ತಮ್ಮ ಹೆಸರಿನ ಸಿಮ್ ಇನ್ನೊಬ್ಬರಿಗೆ ಕೊಡಬಾರದು. ಓದದೆ ಕರಾರಿಗೆ ಸಹಿ ಹಾಕಬಾರದು. ಪಾಸ್‌ಪೋರ್ಟ್, ವೀಸಾಗಳ ನಕಲು ಮನೆಯಲ್ಲಿಟ್ಟು, ದೂತಾವಾಸದ ದೂರವಾಣಿ ಸಂಖ್ಯೆ ಬರೆದುಕೊಂಡು ಹೊರಡಬೇಕು.

ಹನೀಫರ ಪರ ನಿಂತವರಲ್ಲಿ ಹೆಚ್ಚಿನವರು ಅವರ ಧರ್ಮದವರೂ ಅಲ್ಲ, ದೇಶದವರೂ ಅಲ್ಲ. ಕಾನೂನು ಬಲ್ಲವರು, ಅದನ್ನು ನಂಬಿದವರು. ನಮ್ಮ ಸಮುದಾಯದ ಮಕ್ಕಳು ಡಾಕ್ಟರ್, ಇಂಜಿನಿಯರ್ ಆಗಲೆಂದು ಹಾರೈಸುವ ನಾವು ವಕೀಲರೂ ಆಗಲೆಂದು ಹಾರೈಸಬೇಕಾದದ್ದು ಇದಕ್ಕಾಗಿಯೇ.