ಮಾದರಿ ಪುಟ್ಟಿ

ಮಾದರಿ ಪುಟ್ಟಿ ಎಂಬುದು ವಿಮಾನ, ಹಡಗು, ಟ್ಯಾಂಕ್, ಮೋಟಾರು ವಾಹನ ಮೊದಲಾದವುಗಳ ಪ್ಲಾಸ್ಟಿಕ್ ಕಿರುಮಾದರಿಗಳನ್ನು ಜೋಡಿಸುವಾಗ ಬಿಡಿಭಾಗಗಳ ನಡುವೆ ಉಳಿಯುವ ಸಂದು, ಕುಳಿ ಹಾಗೂ ಗೀರುಗಳನ್ನು ತುಂಬಲು ಬಳಸುವ ಪದಾರ್ಥ. ಹಚ್ಚುವಾಗ ಮೆದುವಾಗಿದ್ದು ಅನಂತರ ಗಟ್ಟಿಯಾಗುವ ಇದನ್ನು ಉಜ್ಜುಕಾಗದದಿಂದ ತಿಕ್ಕಿ, ಸಮಗೊಳಿಸಿ, ಅದರ ಮೇಲೆ ಬಣ್ಣ ಬಳಿಯಲಾಗುತ್ತದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ 'ಪುಟ್ಟಿ' ಎಂದು ಕರೆಯಲಾಗುವ, ಬಿಳಿ ಸಿಮೆಂಟಿನಿಂದ ತಯಾರಾದ ಗೋಡೆಯ ಪುಟ್ಟಿ ಇದಕ್ಕಿಂತ ಭಿನ್ನವಾದುದು. ಅದು ನುಣುಪಾದ ಪ್ಲಾಸ್ಟಿಕ್ಕಿಗೆ ಸರಿಯಾಗಿ ಅಂಟದ ಕಾರಣ ಈ ಕೆಲಸಕ್ಕೆ ಒದಗದು.

ಅಗತ್ಯ

ಬ್ರಿಟನ್ನಿನ ಫ್ರಾಗ್ ಸಂಸ್ಥೆಯು ೧೯೩೬ರಲ್ಲಿ ಹೊರತಂದ 'ಪೆಂಗ್ವಿನ್' ಸರಣಿಯ ವಿಮಾನ ಕಿಟ್‌ಗಳು ಸೆಲ್ಯುಲೋಸ್ ಅಸಿಟೇಟಿನಿಂದ ಮಾಡಿದವಾಗಿದ್ದವು. ಎರಡನೆಯ ಮಹಾಯುದ್ಧದ ತರುವಾಯ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಆ ಸ್ಥಾನವನ್ನು ಪಡೆಯಿತು. ಕರಗಿದ ಪಾಲಿಸ್ಟೈರೀನನ್ನು ಲೋಹದ ಅಚ್ಚಿನೊಳಕ್ಕೆ ಒತ್ತಡದಿಂದ ಹಾಯಿಸಿ ಬಿಡಿಭಾಗಗಳನ್ನು ಎರಕಹೊಯ್ಯುತ್ತಾರೆ. ತಣಿಯುವಾಗ ದಪ್ಪನೆಯ ಭಾಗಗಳ ಮೇಲ್ಮೈ ಒಳಕ್ಕೆ ಕುಗ್ಗಿ ಕುಳಿಬೀಳುವುದುಂಟು. ಅಚ್ಚಿನಿಂದ ಭಾಗವನ್ನು ಹೊರದೂಡುವ ಕಡ್ಡಿಗಳು ದುಂಡನೆಯ ಗುರುತುಗಳನ್ನು ಉಳಿಸುತ್ತವೆ. ವಿಮಾನದ ಒಡಲು ಸಾಮಾನ್ಯವಾಗಿ ಎಡ ಮತ್ತು ಬಲ ಎಂಬ ಎರಡು ಹೋಳುಗಳಾಗಿರುವುದರಿಂದ ಅವು ಕೂಡುವಲ್ಲಿಯೂ, ರೆಕ್ಕೆಯ ಬುಡದಲ್ಲಿಯೂ ಸಂದು ಕಾಣುತ್ತದೆ. ಬಣ್ಣವು ಇಂತಹ ದೋಷಗಳನ್ನು ಮರೆಮಾಚುವುದಿಲ್ಲ. ಹೊಳಪಿನ ಬಣ್ಣವಂತೂ ಅವುಗಳನ್ನು ಎತ್ತಿ ತೋರಿಸುತ್ತದೆ. ಆದರೆ ನಿಜವಾದ ವಿಮಾನದಲ್ಲಿಯೂ ಇರುವ ತಗಡಿನ ಜೋಡಣೆಯ ಗೆರೆಗಳನ್ನು ತುಂಬಬಾರದು.

ಬಗೆಗಳು

ದ್ರಾವಕ ಪುಟ್ಟಿ: ಕೊಳವೆಯಲ್ಲಿ ದೊರೆಯುವ ಈ ಬಗೆಗೆ ಜಪಾನಿನ ತಾಮಿಯಾ ಸಂಸ್ಥೆಯ ಬೂದುಬಣ್ಣದ ಪುಟ್ಟಿ ಪ್ರಸಿದ್ಧ ಉದಾಹರಣೆ. ದ್ರಾವಕವು ಪ್ಲಾಸ್ಟಿಕ್ಕನ್ನು ತುಸು ಕರಗಿಸುವುದರಿಂದ ಹಿಡಿತ ಚೆನ್ನಾಗಿರುತ್ತದೆ. ದ್ರಾವಕ ಆರಿದಂತೆ ಪುಟ್ಟಿ ಕುಗ್ಗುತ್ತದೆ. ಆದುದರಿಂದ ಇದನ್ನು ತೆಳುಪದರಗಳಲ್ಲಿ ಹಚ್ಚಬೇಕು. ಒಮ್ಮೆಗೇ ದಪ್ಪನಾಗಿ ಹಚ್ಚಿದರೆ ಬಿರುಕು ಬಿಡಬಹುದು, ತೆಳುವಾದ ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಗಲೂಬಹುದು.

ದ್ರವರೂಪದ ಪುಟ್ಟಿ: ಮಿಸ್ಟರ್ ಸರ್ಫೇಸರ್ ೫೦೦, ೧೦೦೦, ೧೨೦೦ ಈ ವರ್ಗದವು. ಸಂಖ್ಯೆ ಚಿಕ್ಕದಾದಷ್ಟೂ ದ್ರವ ಮಂದವಾಗಿರುತ್ತದೆ. ಕೂದಲೆಳೆಯಷ್ಟು ಸಂದಿಗೂ ಸಣ್ಣ ಗೀರಿಗೂ ಇದನ್ನು ಕುಂಚದಿಂದ ಹಚ್ಚಬಹುದು.

ಎಪಾಕ್ಸಿ ಪುಟ್ಟಿ: ಎರಡು ಮುದ್ದೆಗಳನ್ನು ಸಮಪ್ರಮಾಣದಲ್ಲಿ ನಾದಿದಾಗ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಆರುವಿಕೆಯನ್ನು ಅವಲಂಬಿಸದ ಕಾರಣ ಇದು ಬಹುಮಟ್ಟಿಗೆ ಕುಗ್ಗುವುದಿಲ್ಲ. ದೊಡ್ಡ ಸಂದಿಗೂ ಹೊಸ ಆಕಾರ ರೂಪಿಸಲೂ ಇದು ಯೋಗ್ಯ. ವೇಲ್ಸಿನ ಮಿಲಿಪುಟ್ ಇಂತಹುದು. ಭಾರತದಲ್ಲಿ ಕೊಳಾಯಿಯ ಸೋರಿಕೆ ತಡೆಯಲು ಬಳಸುವ ಎಂ-ಸೀಲ್ ಕೂಡ ಎಪಾಕ್ಸಿ ಪುಟ್ಟಿಯೇ.

ಪಾಲಿಯೆಸ್ಟರ್ ಪುಟ್ಟಿ: ಗಡಸುಕಾರಕ ಬೆರೆಸಿ ಬಳಸುವ ಇದು ಬೇಗ ಗಟ್ಟಿಯಾಗುತ್ತದೆ, ಸುಲಭವಾಗಿ ತಿಕ್ಕಲು ಬರುತ್ತದೆ. ವಾಸನೆ ತೀಕ್ಷ್ಣ.

ಅಕ್ರಿಲಿಕ್ ಪುಟ್ಟಿ: ಸ್ಪೇನಿನ ವಲ್ಲೆಹೊ ಸಂಸ್ಥೆಯ ಪ್ಲಾಸ್ಟಿಕ್ ಪುಟ್ಟಿ ನೀರಿನ ಆಧಾರದ್ದು. ಆರುವ ಮುನ್ನ ಒದ್ದೆ ಹತ್ತಿಯಿಂದ ಹೆಚ್ಚುವರಿಯನ್ನು ಒರೆಸಿಬಿಡಬಹುದಾದ್ದರಿಂದ ಸುತ್ತಲಿನ ಸೂಕ್ಷ್ಮ ವಿವರಗಳು ಅಳಿಯುವುದಿಲ್ಲ. ಇದರ ಮೇಲೆ ಗೆರೆ ಕೊರೆಯಲು ಹೋದರೆ ಅಂಚು ಉದುರುವ ಸಂಭವವಿದೆ.

ಸೈನೋಅಕ್ರಿಲೇಟ್: 'ಸೂಪರ್ ಗ್ಲೂ' ಎಂದು ಪರಿಚಿತವಾದ ಅಂಟು. ಇದು ಕುಗ್ಗುವುದಿಲ್ಲ, ಮತ್ತೆ ಗೆರೆ ಕೊರೆಯಲು ಅನುಕೂಲ. ಕಾಲ ಕಳೆದಂತೆ ಪ್ಲಾಸ್ಟಿಕ್ಕಿಗಿಂತ ಗಡಸಾಗುವುದರಿಂದ ಗಟ್ಟಿಯಾದ ಬಳಿಕ ತಡಮಾಡದೆ ತಿಕ್ಕಬೇಕು.

ಆಯ್ಕೆ

ಆಯ್ಕೆಗೆ ಮುನ್ನ ಭಾಗಗಳನ್ನು ಅಂಟಿಲ್ಲದೆ ಜೋಡಿಸಿ ನೋಡುವುದು ವಾಡಿಕೆ. ಅಂಚನ್ನು ತುಸು ಅರದಿಂದ ಉಜ್ಜಿದರೆ ಎಷ್ಟೋ ಸಂದುಗಳು ಮುಚ್ಚಿಹೋಗಿ, ಪುಟ್ಟಿಯ ಅಗತ್ಯವೇ ಬೀಳುವುದಿಲ್ಲ. ಉಳಿದ ಸಂದು ಅಗಲವಾಗಿದ್ದರೆ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ತುರುಕಿ, ಮಿಕ್ಕಿದ್ದನ್ನಷ್ಟೇ ಪುಟ್ಟಿಯಿಂದ ತುಂಬುವುದು ಮೇಲು. ಸ್ಥೂಲವಾಗಿ, ಆಳವಾದ ಕುಳಿಗೆ ಎಪಾಕ್ಸಿ, ಕಿರಿದಾದ ಸಂದಿಗೆ ದ್ರಾವಕ ಪುಟ್ಟಿ, ತಿಕ್ಕಲು ಕೈ ಎಟುಕದ ಮೂಲೆಗೆ ಅಕ್ರಿಲಿಕ್, ಗೆರೆ ಕೊರೆಯಬೇಕಾದಲ್ಲಿ ಸೈನೋಅಕ್ರಿಲೇಟ್ ಸೂಕ್ತ.

ಪುಟ್ಟಿ ಪೂರ್ಣವಾಗಿ ಗಟ್ಟಿಯಾದ ಮೇಲೆ ೪೦೦, ೬೦೦, ೧೦೦೦ ಹೀಗೆ ಕ್ರಮವಾಗಿ ನಯವಾದ ಉಜ್ಜುಕಾಗದಗಳನ್ನು ನೀರಿನೊಂದಿಗೆ ಬಳಸಲಾಗುತ್ತದೆ. ಬಳಿಕ ಪ್ರೈಮರ್ ಹೊಡೆದರೆ ಉಳಿದ ದೋಷಗಳು ಗೋಚರಿಸುತ್ತವೆ. ಅವಸರದಿಂದ ತಿಕ್ಕಿದ ದ್ರಾವಕ ಪುಟ್ಟಿ ಬಣ್ಣದ ಕೆಳಗೂ ಕುಗ್ಗುತ್ತಾ ಹೋಗಿ, ಕೆಲವು ದಿನಗಳ ನಂತರ ಸಂದಿನ ಗೆರೆ ಮರಳಿ ಕಾಣಿಸಿಕೊಳ್ಳಬಹುದು.

ಸುರಕ್ಷತೆ

ದ್ರಾವಕ ಹಾಗೂ ಪಾಲಿಯೆಸ್ಟರ್ ಪುಟ್ಟಿಗಳ ಆವಿ ಹಾನಿಕರ ಮತ್ತು ಸುಲಭವಾಗಿ ಹೊತ್ತಿಕೊಳ್ಳುವಂತಹುದು; ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರವಿರಿಸಿ ಬಳಸಬೇಕು. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಒಗ್ಗದಿಕೆ ಉಂಟುಮಾಡಬಲ್ಲುದಾದ್ದರಿಂದ ಕೈಗವಸು ಅಗತ್ಯ. ಒಣದಾಗಿ ತಿಕ್ಕುವಾಗ ಏಳುವ ಧೂಳನ್ನು ಉಸಿರಾಡದಂತೆ ಮುಖಗವಸು ಧರಿಸಬೇಕು. ಮಕ್ಕಳು ಮಾದರಿ ಕಟ್ಟುವಾಗ ನೀರಿನ ಆಧಾರದ ಅಕ್ರಿಲಿಕ್ ಪುಟ್ಟಿಯನ್ನು ಹಿರಿಯರ ನಿಗಾದಲ್ಲಿ ಬಳಸುವುದು ಉಚಿತ.