ಅಧ್ಯಯನ ಪ್ರವಾಸ (ಕಿರುಸಾಲ ಕ್ಷೇತ್ರ)

ಕಿರುಸಾಲ ಸಂಸ್ಥೆಯ ಸಿಬ್ಬಂದಿ, ಬ್ಯಾಂಕ್ ಅಧಿಕಾರಿಗಳು ಮತ್ತು ಸ್ವಯಂಸೇವಾ ಸಂಸ್ಥೆಗಳವರು ಬೇರೆ ದೇಶದ ಸಂಘಗಳ ಸಭೆಯಲ್ಲಿ ಕೂತು, ಲೆಕ್ಕದ ಪುಸ್ತಕ ನೋಡಿ, ಸಾಲ ಕೊಡುವ ಮತ್ತು ಕಂತು ಕಟ್ಟಿಸುವ ಕ್ರಮ ಕಲಿತು ಬರುವ ಪದ್ಧತಿ. ಕರ್ನಾಟಕದಲ್ಲಿ ಇದು ಎರಡೂ ಕಡೆಗೆ ನಡೆದಿದೆ: ಬಾಂಗ್ಲಾದೇಶದ ಕ್ರಮ ಇಲ್ಲಿಗೆ ಬಂತು, ಇಲ್ಲಿನ ಸ್ವಸಹಾಯ ಸಂಘದ ಕ್ರಮ ಹೊರಗೆ ಹೋಯಿತು.

ಬಾಂಗ್ಲಾದೇಶದ ಮಾದರಿ

ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಹಳ್ಳಿಯಲ್ಲಿ ಆರಂಭಿಸಿದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕಾಯಿತು. ಅದರ ಸೋದರ ಸಂಸ್ಥೆಯಾದ ಗ್ರಾಮೀಣ ಟ್ರಸ್ಟ್, ಹೊರದೇಶದವರನ್ನು ಹಳ್ಳಿಯ ಶಾಖೆಗಳಿಗೆ ಕಳಿಸಿ ಅನುಭವ ಕೊಡಿಸುವ ಸಂವಾದ ಕಾರ್ಯಕ್ರಮ ನಡೆಸಿತು. ಬೆಂಗಳೂರಿನಲ್ಲಿ ವಿನತಾ ರೆಡ್ಡಿಯವರು 1999ರಲ್ಲಿ ಆರಂಭಿಸಿದ ಗ್ರಾಮೀಣ ಕೂಟಕ್ಕೆ ಈ ಟ್ರಸ್ಟಿನ ಸಾಲದ ನೆರವಿತ್ತು. ಐದು ಜನರ ಗುಂಪು, ಸಾಲಾಗಿ ಕೂರುವುದು, ಪ್ರತಿಜ್ಞೆ, ವಾರದ ಕಂತು: ನೋಡಿದವರು ಸುಲಭವಾಗಿ ತರಬಹುದಾದದ್ದು ಇಷ್ಟು.

ಮೈರಾಡ ಮತ್ತು ಕೋಲಾರ

ಸ್ವಸಹಾಯ ಸಂಘ ಯಾವ ಪ್ರವಾಸದ ಫಲವೂ ಅಲ್ಲ. ಒಂದು ಸೋಲಿನಿಂದ ಹುಟ್ಟಿತು. 1968ರಲ್ಲಿ ಸ್ಥಾಪನೆಯಾದ ಸ್ವಯಂಸೇವಾ ಸಂಸ್ಥೆ ಮೈರಾಡ, ಹಳ್ಳಿಗಳಲ್ಲಿ ಕಟ್ಟಲು ನೆರವಾಗಿದ್ದ ದೊಡ್ಡ ಸಹಕಾರ ಸಂಘಗಳು 1984–85ರ ಹೊತ್ತಿಗೆ ಒಡೆದವು. ನೂರಾರು ಸದಸ್ಯರ ಸಂಘದಲ್ಲಿ ನಂಬಿಕೆ ಕಳೆದುಕೊಂಡವರು ಹದಿನೈದು ಇಪ್ಪತ್ತು ಜನರಂತೆ ಬೇರೆ ಬೇರೆಯಾಗಿ ಸೇರತೊಡಗಿದರು. ಅಂಥವರ ನಡುವೆ ಮೊದಲೇ ಒಂದು ಹೊಂದಾಣಿಕೆ ಇತ್ತು: ಒಂದೇ ಕೇರಿ, ಒಂದೇ ಕೂಲಿ, ಕಷ್ಟಕ್ಕೆ ಕೈಗಡ ಕೊಟ್ಟು ತೆಗೆದುಕೊಂಡ ರೂಢಿ. ಸಂಸ್ಥೆ ಇವನ್ನು ಸಾಲ ನಿರ್ವಹಣಾ ಗುಂಪುಗಳೆಂದು ಕರೆಯಿತು. ಅಲೋಷಿಯಸ್ ಫರ್ನಾಂಡಿಸ್ ಆಗ ಅದರ ಮುಖ್ಯಸ್ಥರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಗುಂಪುಗಳ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು; ಸ್ವಸಹಾಯ ಸಂಘ ಎಂಬ ಹೆಸರು ನಿಂತದ್ದು ಆ ನಂತರ.

ವಿದೇಶದ ಪ್ರಭಾವ ಇಲ್ಲವೆನ್ನುವಂತಿಲ್ಲ. ಏಷ್ಯಾ–ಪೆಸಿಫಿಕ್ ಗ್ರಾಮೀಣ ಸಾಲ ಸಂಸ್ಥೆಗಳ ಒಕ್ಕೂಟ ಬ್ಯಾಂಕು–ಗುಂಪು ಜೋಡಣೆಯ ಚಿಂತನೆಯನ್ನು 1986ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ಮುಂದಿಟ್ಟಿತ್ತು. ಆದರೆ 1992ರಲ್ಲಿ ನಬಾರ್ಡ್ 500 ಸಂಘಗಳ ಪ್ರಾಯೋಗಿಕ ಯೋಜನೆ ಹೊರಡಿಸಿದಾಗ ಒಪ್ಪಿದ ಮೂರು ವಿನಾಯಿತಿಗಳು ನೆಲದ ಅನುಭವದವು: ನೋಂದಣಿಯಾಗದ ಸಂಘಕ್ಕೆ ಸಾಲ, ಅಡಮಾನ ಬೇಡ, ಯಾರಿಗೆ ಯಾವ ಕೆಲಸಕ್ಕೆ ಎಂಬುದು ಸಂಘದ್ದೇ ತೀರ್ಮಾನ. ಆರಂಭದಲ್ಲಿ ಬ್ಯಾಂಕ್ ಸಾಲ ಪಡೆದವುಗಳಲ್ಲಿ ಕೋಲಾರ ಜಿಲ್ಲೆಯ ಸಂಘಗಳೂ ಇದ್ದವು. ಮುಂದೆ ಮೈರಾಡ ಮ್ಯಾನ್ಮಾರ್‌ನಲ್ಲಿ ಇಂಥ ಗುಂಪುಗಳನ್ನು ಕಟ್ಟಲು ನೆರವಾಯಿತು. ಅಲ್ಲಿ ಅವುಗಳ ಹೆಸರು ಸ್ವಾವಲಂಬನಾ ಗುಂಪು.

ಉತ್ತರ ಬೆಂಗಳೂರು

2008ರಿಂದ ವಿದೇಶಿ ವಿಮಾನಗಳು ದೇವನಹಳ್ಳಿಯಲ್ಲಿ ಇಳಿಯುವುದರಿಂದ ಅಧ್ಯಯನಕ್ಕೆ ನಗರಕ್ಕೆ ಬರುವವರ ದಾರಿ ಮುಖ್ಯವಾಗಿ ಯಲಹಂಕ, ಹೆಬ್ಬಾಳದ ಮೂಲಕ. ನಗರದಲ್ಲಿ ನೋಡಬೇಕಾದದ್ದು ಹಳ್ಳಿಯ ಸಂಘಕ್ಕಿಂತ ಭಿನ್ನ. ಬಾಡಿಗೆ ಮನೆ ಬದಲಾದರೆ ಗುಂಪು ಚದುರುತ್ತದೆ. ಬೆಳಗ್ಗೆ ಕೈಗಡ ಪಡೆದು ಸಂಜೆ ಬಡ್ಡಿ ಸಮೇತ ತೀರಿಸುವ ಮೀಟರ್ ಬಡ್ಡಿಯೂ ಇಲ್ಲಿದೆ.

ಪ್ರವಾಸದಲ್ಲಿ ಕಾಣದ್ದು

ಅತಿಥಿಗಳನ್ನು ಕರೆದೊಯ್ಯುವುದು ಸಾಮಾನ್ಯವಾಗಿ ಲೆಕ್ಕ ಸರಿಯಿರುವ ಸಂಘಕ್ಕೆ. ಆ ಸಭೆಯಲ್ಲಿ ಕಂತು ಕಟ್ಟಿದ ಮಹಿಳೆ ಮರುದಿನ ಇನ್ನೊಂದು ಸಂಸ್ಥೆಯ ಸಭೆಯಲ್ಲೂ ಕೂರಬಹುದು. 2009ರಲ್ಲಿ ಕೋಲಾರ, ರಾಮನಗರ ಮುಂತಾದೆಡೆ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಗಳು ಕಂತು ಕಟ್ಟಬೇಡಿರೆಂದು ಕರೆ ಕೊಟ್ಟ ನಂತರ ಕಂತು ನಿಂತಾಗ, ಒಬ್ಬರೇ ಹಲವೆಡೆ ಸಾಲ ಮಾಡಿದ್ದುದು ಬಯಲಾದ ಕಾರಣಗಳಲ್ಲೊಂದು. 2010ರ ಆಂಧ್ರದ ಕಿರುಸಾಲ ಬಿಕ್ಕಟ್ಟಿನ ಬಳಿಕ ರಿಸರ್ವ್ ಬ್ಯಾಂಕ್ 2011ರಲ್ಲಿ ಒಬ್ಬ ಸಾಲಗಾರರಿಗೆ ಎರಡಕ್ಕಿಂತ ಹೆಚ್ಚು ಕಿರುಸಾಲ ಕಂಪನಿಗಳು ಸಾಲ ಕೊಡಬಾರದೆಂದಿತು; 2022ರಲ್ಲಿ ಅದರ ಬದಲು, ಕುಟುಂಬದ ಒಟ್ಟು ಕಂತು ಆದಾಯದ ಅರ್ಧ ಮೀರಬಾರದೆಂಬ ನಿಯಮ ಬಂತು. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ ಫೆಬ್ರವರಿ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಿತು.