ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಗಳು: ಅನುದಾನ ಕೊಡಬೇಕಾದವರು ಯಾರು?

2022ರ ನವೆಂಬರ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎರಡು ಮಾತು ಆಡಿದರು. ಒಂದು, ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಕರ್ನಾಟಕ ಸರಕಾರ ವಿಶೇಷ ಅನುದಾನ ಕೊಡುತ್ತದೆ ಎಂಬುದು. ಇನ್ನೊಂದು, ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕನ್ನಡ ಪ್ರದೇಶಗಳು ಕರ್ನಾಟಕಕ್ಕೆ ಸೇರಬೇಕು ಎಂಬುದು. ಒಂದು ಹಳ್ಳಿಯನ್ನೂ ಬಿಟ್ಟುಕೊಡುವುದಿಲ್ಲ ಎಂದು ದೇವೇಂದ್ರ ಫಡ್ನವೀಸ್ ತಿರುಗೇಟು ಕೊಟ್ಟರು. ಗಡಿಯ ಗದ್ದಲ ವಾರಗಟ್ಟಲೆ ನಡೆಯಿತು. ಶಾಲೆಗಳ ಮಾತು ಮಾತ್ರ ಅದರಲ್ಲಿ ಮುಳುಗಿಹೋಯಿತು.

ಹಾಗಾದ್ರೆ ಮಹಾರಾಷ್ಟ್ರದಲ್ಲಿ ಖಾಸಗಿ ಆಡಳಿತದ ಒಂದು ಕನ್ನಡ ಶಾಲೆಗೆ ಹಣ ಎಲ್ಲಿಂದ ಬರುತ್ತದೆ? ಯಾರು ತಡೆಯುತ್ತಾರೆ? ಕಾನೂನು ಏನು ಹೇಳುತ್ತದೆ?

ಗಡಿಯ ಹಿನ್ನೆಲೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಸೇರಿದಂತೆ 247 ಊರುಗಳು ಕರ್ನಾಟಕಕ್ಕೆ, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕೆಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು.

ಸೊಲ್ಲಾಪುರ ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಊರು ಇದು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ, ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಇಲ್ಲಿಯವರೇ. ಬಾಲಭಾರತಿ ಇಂದಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಅಂದ್ರೆ ಕನ್ನಡ ಮಾಧ್ಯಮ ಅಲ್ಲಿ ಸರಕಾರಿ ವ್ಯವಸ್ಥೆಯೇ ಒಪ್ಪಿಕೊಂಡ ಮಾಧ್ಯಮ.

ಶಾಲೆಗಳಲ್ಲಿ ಎಷ್ಟು ಬಗೆ?

ಜಿಲ್ಲಾ ಪರಿಷತ್ತು ಮತ್ತು ನಗರಪಾಲಿಕೆಯ ಶಾಲೆಗಳು ಒಂದು ಬಗೆ. ಎರಡನೆಯದು ಖಾಸಗಿ ಅನುದಾನಿತ ಶಾಲೆ. ಇಲ್ಲಿ ಆಡಳಿತ ಸಂಸ್ಥೆಯದ್ದು, ಶಿಕ್ಷಕರ ಸಂಬಳ ಸರಕಾರದ್ದು. ನೌಕರಿಯ ನಿಯಮಗಳು 1977ರ ಖಾಸಗಿ ಶಾಲಾ ನೌಕರರ ಕಾಯ್ದೆಯ ಪ್ರಕಾರ. ಮೂರನೆಯದು ಅನುದಾನರಹಿತ ಶಾಲೆ. ನಾಲ್ಕನೆಯದು 2012ರ ಕಾಯ್ದೆಯಡಿ ಬಂದ ಸ್ವಯಂ ಅರ್ಥಸಹಾಯಿತ ಶಾಲೆ. ಇದಕ್ಕೆ ಅನುದಾನ ಕೇಳುವ ಹಕ್ಕೇ ಇಲ್ಲ.

ಗೊಂದಲ ಇರುವುದು ಮೂರನೆಯ ಬಗೆಯಲ್ಲಿ. 2001ರಲ್ಲಿ ಮಹಾರಾಷ್ಟ್ರ ಸರಕಾರ ಹೊಸ ಶಾಲೆಗಳಿಗೆ ‘ಕಾಯಂ ವಿನಾ ಅನುದಾನಿತ’ ಎಂಬ ಷರತ್ತಿನ ಮೇಲೆ ಅನುಮತಿ ಕೊಡತೊಡಗಿತು. ಅಂದ್ರೆ ಶಾಲೆ ನಡೆಸಿ, ಆದ್ರೆ ಎಂದೂ ದುಡ್ಡು ಕೇಳಬೇಡಿ. ಶಿಕ್ಷಕರ ಹೋರಾಟದ ನಂತರ 2009ರಲ್ಲಿ ‘ಕಾಯಂ’ ಎಂಬ ಪದ ತೆಗೆದುಹಾಕಲಾಯಿತು. ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು ಇದರಿಂದ ಹೊರಗಿಡಲಾಯಿತು. ಪದ ಹೋಯಿತು, ದುಡ್ಡು ಮಾತ್ರ ತಕ್ಷಣ ಬರಲಿಲ್ಲ. 2016ರಲ್ಲಿ ಅರ್ಹ ಶಾಲೆಗಳಿಗೆ ಶೇ. 20 ಅನುದಾನ ಶುರುವಾಯಿತು. ಆಮೇಲೆ ಶೇ. 40, ಶೇ. 60 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕ್ರಮ ಬಂತು.

ಶೇ. 20 ಅನುದಾನ ಅಂದ್ರೆ ಪೂರ್ತಿ ಸಂಬಳದ ಐದರಲ್ಲಿ ಒಂದು ಪಾಲು. ಅದೇ ಪಾಠ, ಅದೇ ಪರೀಕ್ಷೆ, ಸಂಬಳ ಮಾತ್ರ ಬೇರೆ. 2024ರ ಅಕ್ಟೋಬರ್‌ನಲ್ಲಿ ಸಂಪುಟ ಇನ್ನೊಂದು ಮೆಟ್ಟಿಲು ಏರಿಸಲು ಒಪ್ಪಿದರೂ ಹಣ ಬಿಡುಗಡೆಯಾಗಲಿಲ್ಲ. 2025ರ ಜುಲೈನಲ್ಲಿ ಶಿಕ್ಷಕರು ಮುಂಬಯಿಯ ಆಝಾದ್ ಮೈದಾನದಲ್ಲಿ ಮಳೆಯಲ್ಲೇ ಧರಣಿ ಕೂತರು. ಶರದ್ ಪವಾರ್, ಉದ್ಧವ್ ಠಾಕ್ರೆ ಅಲ್ಲಿಗೆ ಬಂದರು. ಸರಕಾರ ಹಣ ಕೊಡುವ ಭರವಸೆ ನೀಡಿದ ಮೇಲೆ ಧರಣಿ ಮುಗಿಯಿತು.

ರಾಜಕೀಯಕ್ಕೆ ಇಷ್ಟು ಆಸಕ್ತಿ ಯಾಕೆ?

ಮಹಾರಾಷ್ಟ್ರದ ವಿಧಾನ ಪರಿಷತ್ತಿನ 78 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು. ಸೊಲ್ಲಾಪುರ ಪುಣೆ ಶಿಕ್ಷಕರ ಕ್ಷೇತ್ರಕ್ಕೆ ಸೇರುತ್ತದೆ. ಪುಣೆ, ಸಾತಾರಾ, ಸಾಂಗ್ಲಿ, ಕೊಲ್ಹಾಪುರದ ಶಿಕ್ಷಕರೂ ಅದರ ಮತದಾರರು. 2020ರಲ್ಲಿ ಕಾಂಗ್ರೆಸ್‌ನ ಜಯಂತ್ ಆಸಗಾಂವ್ಕರ್ ಇಲ್ಲಿ ಗೆದ್ದರು. ಹೀಗಾಗಿ ಅನುದಾನದ ಶೇಕಡಾವಾರು ಪ್ರಶ್ನೆ ಪ್ರತಿ ಚುನಾವಣೆಯಲ್ಲೂ ಮೇಲೇಳುತ್ತದೆ. ಆದರೆ ಐದು ಜಿಲ್ಲೆಗಳ ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಯ ಶಿಕ್ಷಕರ ಮತ ಸಣ್ಣದು.

ಸಂವಿಧಾನ ಏನು ಹೇಳುತ್ತದೆ?

30(1)ನೇ ವಿಧಿ ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರಿಬ್ಬರಿಗೂ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 30(2)ನೇ ವಿಧಿ, ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಅನುದಾನದಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಹೇಳುತ್ತದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು 2002ರ ಟಿ.ಎಂ.ಎ. ಪೈ ತೀರ್ಪು ಹೇಳಿದೆ. ಆ ಲೆಕ್ಕದಲ್ಲಿ ಮಹಾರಾಷ್ಟ್ರದ ಕನ್ನಡಿಗರು ಭಾಷಿಕ ಅಲ್ಪಸಂಖ್ಯಾತರು.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಮಾನ್ಯತೆಗೆ ತೊಂದರೆಯಾದರೆ ಮುಸ್ಲಿಂ ಸಂಸ್ಥೆಯೊಂದು 2004ರ ಕಾಯ್ದೆಯಡಿ ರಚನೆಯಾದ ರಾಷ್ಟ್ರೀಯ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ಆಯೋಗಕ್ಕೆ ಹೋಗಬಹುದು. ಆ ಆಯೋಗದ ವ್ಯಾಪ್ತಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮಾತ್ರ. ಕನ್ನಡ ಸಂಸ್ಥೆಗೆ ರಾಜ್ಯ ಸರಕಾರವೇ ಗತಿ, ಇಲ್ಲಾಂದ್ರೆ ಹೈಕೋರ್ಟ್.

2014ರ ಪ್ರಮತಿ ತೀರ್ಪು ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತ್ತು. ಮಹಾರಾಷ್ಟ್ರದಿಂದಲೇ ಹೋದ ಅಂಜುಮನ್ ಇಶಾಅತೆ ತಾಲೀಮ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ದೊಡ್ಡ ಪೀಠಕ್ಕೆ ಕಳಿಸಲು ಸೂಚಿಸಿತು. ಅದು ಬದಲಾದರೆ ಸೊಲ್ಲಾಪುರದ ಕನ್ನಡ ಸಂಸ್ಥೆಗೂ ಮಂಗಳೂರಿನ ಮುಸ್ಲಿಂ ಶಾಲೆಗೂ ಒಟ್ಟಿಗೇ ಪರಿಣಾಮ ಬೀರುತ್ತದೆ.

25 ಶೇಕಡಾ ಸೀಟಿನ ಜಗಳ

ಸರಕಾರದ ಹಣ ಖಾಸಗಿ ಶಾಲೆಗೆ ಹೋಗುವ ಇನ್ನೊಂದು ದಾರಿ ಆರ್‌ಟಿಇ ಸೀಟು. ಬಡ ಮಕ್ಕಳಿಗೆ ಶೇ. 25 ಸೀಟು ಕೊಟ್ಟ ಅನುದಾನರಹಿತ ಶಾಲೆಗೆ ಸರಕಾರ ಶುಲ್ಕ ಮರಳಿಸುತ್ತದೆ. ಹತ್ತಿರ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಈ ಸೀಟು ಬೇಡ ಎಂದು ಕರ್ನಾಟಕ 2018ರ ಕೊನೆಯಲ್ಲಿ ನಿಯಮ ಬದಲಿಸಿತು. ನಮ್ಮ ಹೈಕೋರ್ಟ್ 2019ರಲ್ಲಿ ಅದನ್ನು ಎತ್ತಿಹಿಡಿಯಿತು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರವೂ ಒಂದು ಕಿಲೋಮೀಟರ್ ಲೆಕ್ಕ ಹಾಕಿ ಅದೇ ದಾರಿ ಹಿಡಿಯಿತು. ಆದರೆ ಬಾಂಬೆ ಹೈಕೋರ್ಟ್ ಅದೇ ವರ್ಷದ ಜುಲೈ 19ರಂದು ಆ ನಿಯಮ ರದ್ದು ಮಾಡಿತು. ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ.

ಕರ್ನಾಟಕ ಏನು ಮಾಡಬಹುದು?

ಇನ್ನೊಂದು ರಾಜ್ಯದ ಶಾಲೆಗೆ ತಿಂಗಳ ಸಂಬಳದ ಅನುದಾನ ನಿಗದಿ ಮಾಡುವ ಅಧಿಕಾರ ಬೆಂಗಳೂರಿಗಿಲ್ಲ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಮೂಲಕ ಕಟ್ಟಡ, ಸಲಕರಣೆಗೆ ನೆರವು ಕೊಡಬಹುದು. ಗಡಿನಾಡ ಕನ್ನಡಿಗ ವಿದ್ಯಾರ್ಥಿಗಳಿಗೆ ಸಿಇಟಿಯಲ್ಲಿ ಸೀಟಿನ ಅವಕಾಶ ಇದೆ, ಅಕ್ಕಲಕೋಟೆಯ ಮಕ್ಕಳೂ ಅದರ ವ್ಯಾಪ್ತಿಗೆ ಬರುತ್ತಾರೆ. ಅಷ್ಟರ ಮೇಲೆ ಬೆಂಗಳೂರು ಮಾತಾಡುವಾಗ ತನ್ನ ಮನೆಯನ್ನೂ ನೋಡಬೇಕಾಗುತ್ತದೆ. 1995ರ ನಂತರ ಶುರುವಾದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಕೊಡಿ ಎಂಬ ಬೇಡಿಕೆ ಕರ್ನಾಟಕದಲ್ಲೂ ಹಳೆಯದೇ.

ಕಾಸರಗೋಡಿನ ಓದುಗರಿಗೆ ಈ ಕತೆ ಹೊಸದಲ್ಲ. 2017ರಲ್ಲಿ ಕೇರಳ ಮಲಯಾಳ ಕಡ್ಡಾಯ ಮಾಡಿತು, 2020ರಲ್ಲಿ ಮಹಾರಾಷ್ಟ್ರ ಮರಾಠಿ ಕಡ್ಡಾಯ ಮಾಡಿತು. ರಾಜ್ಯಭಾಷೆ ಕಲಿಯುವುದರಿಂದ ಮಕ್ಕಳಿಗೆ ನಷ್ಟವಿಲ್ಲ. ಕನ್ನಡ ಕಲಿಸುವ ಶಿಕ್ಷಕರ ಹುದ್ದೆ ಉಳಿಯುತ್ತದಾ ಎಂಬುದೇ ಚಿಂತೆ.

ಮಹಾರಾಷ್ಟ್ರದಲ್ಲಿ ಹುದ್ದೆಗಳ ಮಂಜೂರಾತಿಗೆ ಸೆಪ್ಟೆಂಬರ್ 30ರ ಮಕ್ಕಳ ಸಂಖ್ಯೆಯೇ ಆಧಾರ. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಪೋಷಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಗಡಿ ವ್ಯಾಜ್ಯದ ತೀರ್ಪು ಯಾವಾಗ ಬಂದರೂ ಈ ಲೆಕ್ಕ ವರ್ಷ ವರ್ಷವೂ ನಡೆಯುತ್ತಲೇ ಇರುತ್ತದೆ.